ಕಟ್ಟುವುದು ಪಾಪವೇ? ಕಾರಿನಲ್ಲಿ ನಾಯಿಯನ್ನು ಕರೆದೊಯ್ಯುವ ಶ್ರಾವಕರಿಗೆ ನಾಲ್ಕು ಮಾತು

ನಮ್ಮ ಸಮಾಜದ ಬಹಳಷ್ಟು ಮನೆಗಳಲ್ಲಿ ನಾಯಿಯನ್ನು ಹೊಸ್ತಿಲು ದಾಟಿ ಒಳಗೆ ಬಿಡುವ ರೂಢಿಯಿಲ್ಲ. ಅಡುಗೆಮನೆಯ ಶುದ್ಧಿ, ದೇವರ ಕೋಣೆಯ ಮಡಿ ಇವನ್ನು ನೋಡಿಕೊಂಡು ಹಿರಿಯರು ಹಾಕಿಕೊಟ್ಟ ಕಟ್ಟಳೆ ಅದು. ಆದರೂ ಅಡತಿ ಅಂಗಡಿಯ ಕಟ್ಟೆಯ ಮೇಲೆ, ಕಾಳಿನ ಗೋದಾಮಿನ ಬಾಗಿಲಲ್ಲಿ, ಹೊಲದ ವಸ್ತಿಯಲ್ಲಿ ಒಂದಾದರೂ ನಾಯಿ ಇಲ್ಲದ ವ್ಯಾಪಾರಿ ಕುಟುಂಬ ನಮ್ಮ ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಸಿಗುವುದು ಕಷ್ಟ. ಅದನ್ನು ನಾವು ಕೊಂಡು ತಂದಿರುವುದಿಲ್ಲ. ಯಾವುದೋ ಮಳೆಗಾಲದ ರಾತ್ರಿ ತಾನಾಗಿ ಬಂದು ಚೀಲದ ಮರೆಯಲ್ಲಿ ಮಲಗಿರುತ್ತದೆ. ಮರುದಿನ ಅರ್ಧ ರೊಟ್ಟಿ, ಅದರ ಮರುದಿನ ಒಂದು ರೊಟ್ಟಿ. ತಿಂಗಳೊಪ್ಪತ್ತಿನಲ್ಲಿ ಅದು ಮನೆಯದೇ ಆಗಿಬಿಡುತ್ತದೆ.

ಮಾಕಣಿಯ ನಮ್ಮ ಮನೆಗೆ ಕಾಳ್ಯಾ ಬಂದದ್ದೂ ಹೀಗೆಯೇ. ತೇರಣಾ ನದಿಗೆ ಕಟ್ಟಿದ ಅಣೆಕಟ್ಟಿನ ಕಡೆಯಿಂದ ಬಂದ ಕರಿಯ ಮರಿ. ಈಗ ಹದಿನೈದು ಕಿಲೋ ತೂಗುವ ನಾಯಿ. ಅಂಗಡಿಯ ಮುಂದೆ ಶಾಂತವಾಗಿ ಮಲಗಿರುವ ಈ ಪ್ರಾಣಿಯನ್ನು ಕಾರಿನಲ್ಲಿ ಕೂರಿಸಿದರೆ ಸಾಕು, ಬೇರೆಯೇ ಆಗಿಬಿಡುತ್ತದೆ. ಆ ಕಿಟಕಿಯಿಂದ ಈ ಕಿಟಕಿಗೆ, ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಒಂದೇ ಸಮನೆ ಓಡಾಟ, ಏದುಸಿರು, ಕೂಗಾಟ. ಇಂಥ ಚಂಚಲ ಪ್ರಾಣಿಯನ್ನು ಕಾರಿನಲ್ಲಿ ಹೇಗೆ ಕರೆದೊಯ್ಯಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣಬಹುದು. ಆದರೆ ಆ ಪ್ರಶ್ನೆ ನಮ್ಮನ್ನು ಶ್ರಾವಕಾಚಾರದ ಮೊದಲನೆಯ ಅಣುವ್ರತದ ಬಾಗಿಲಿಗೇ ತಂದು ನಿಲ್ಲಿಸಿತು.

ಆ ದಿನ ನಡೆದದ್ದು

ಕಾಳ್ಯಾನ ಕಿವಿಯಲ್ಲಿ ಹುಣ್ಣಾಗಿ ಕೀವು ತುಂಬಿತ್ತು. ಉದಗೀರದ ಪಶುವೈದ್ಯ ಮಹಾವಿದ್ಯಾಲಯಕ್ಕೆ ಕರೆದೊಯ್ಯುವುದೆಂದು ನಿಶ್ಚಯಿಸಿದೆವು. ನಿಲಂಗಾ ದಾರಿಯಾಗಿ ಎರಡು ತಾಸಿಗೂ ಮಿಕ್ಕ ಪ್ರಯಾಣ. ಹಗ್ಗ ಹಿಡಿದು ಹೊರಟಾಗ ಮನೆಯ ಹಿರಿಯರಾದ ಆಯಿ ಅಡ್ಡ ಬಂದರು. "ಮೂಕ ಪ್ರಾಣಿನ್ನ ಕಟ್ಟಬ್ಯಾಡ್ರೋ. ಕಟ್ಟಿದ ಪಾಪ ನಮಗ್ಯಾಕ? ಹುಡುಗ ಹಿಡ್ಕೊಂಡು ಕೂಡ್ತಾನ" ಎಂದರು. ದಿನವೂ ಸ್ವಾಧ್ಯಾಯ ತಪ್ಪಿಸದ ಹಿರಿಯರ ಮಾತು. ನಾವು ಹಗ್ಗವನ್ನು ಅಲ್ಲಿಯೇ ಬಿಟ್ಟೆವು.

ಹೋಗುವಾಗ ಹೇಗೋ ಸುಧಾರಿಸಿತು. ವೈದ್ಯರು ಔಷಧ ಹಾಕಿ, ಪಟ್ಟಿ ಕಟ್ಟಿ ಕಳುಹಿಸಿದರು. ಮರಳುವಾಗ ಸಂಜೆಯಾಗುತ್ತ ಬಂದಿತ್ತು. ಸೂರ್ಯಾಸ್ತದೊಳಗೆ ಮನೆ ಸೇರಿ ಊಟ ಮುಗಿಸಬೇಕೆಂಬ ಅವಸರ ನಮ್ಮವರಿಗೆ ಹೊಸದೇನಲ್ಲ. ಕಬ್ಬು ಹೇರಿದ ಟ್ರಾಕ್ಟರೊಂದನ್ನು ದಾಟುತ್ತಿದ್ದಾಗ ಅದರ ಹಾರ್ನ್ ಸದ್ದಿಗೆ ಕಾಳ್ಯಾ ಬೆದರಿ, ಹುಡುಗನ ಕೈಯಿಂದ ನುಸುಳಿ, ನೇರವಾಗಿ ಗಾಡಿ ನಡೆಸುತ್ತಿದ್ದವರ ಹೆಗಲ ಮೇಲೆ ಹಾರಿತು. ಸ್ಟೇರಿಂಗ್ ತಿರುಗಿತು. ಗಾಡಿ ಡಾಂಬರು ಬಿಟ್ಟು ಮಣ್ಣಿಗಿಳಿದು ಚರಂಡಿಯ ಅಂಚಿನಲ್ಲಿ ನಿಂತಿತು. ಹುಡುಗನ ಹಣೆ ಮುಂದಿನ ಸೀಟಿಗೆ ಬಡಿದು ಒಡೆಯಿತು. ಅರ್ಧ ಇಳಿದಿದ್ದ ಗಾಜಿನಿಂದ ಕಾಳ್ಯಾ ಹೊರಗೆ ಜಿಗಿದು ತೊಗರಿ ಹೊಲದಲ್ಲಿ ಕಾಣದಾಯಿತು.

ಹುಡುಗನ ಹಣೆಗೆ ಬಟ್ಟೆ ಒತ್ತಿಕೊಂಡು ಇಬ್ಬರು ಕಾರಿನ ಬಳಿ ನಿಂತೆವು. ಇಬ್ಬರು ಹೊಲ ಸುತ್ತಿದೆವು. ಕತ್ತಲಾದ ಮೇಲೆ ಬಾವಿಯ ಕಟ್ಟೆಯ ಹಿಂದೆ ಮುಲುಗುವ ಸದ್ದು ಕೇಳಿ ಅದನ್ನು ಎತ್ತಿ ತಂದೆವು. ಹುಡುಗನಿಗೆ ನಾಲ್ಕು ಹೊಲಿಗೆ ಬಿದ್ದವು. ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಆಯಿ ಹುಡುಗನ ತಲೆಯ ಮೇಲೆ ಕೈಯಿಟ್ಟು ಕುಳಿತವರು ಒಂದೇ ಮಾತು ಕೇಳಿದರು: "ಹಂಗಾರ ಕಟ್ಟಬೇಕಿತ್ತೇನು? ಶಾಸ್ತ್ರದಾಗ ಏನೈತಿ, ತಗದು ನೋಡ್ರಿ."

ಶಾಸ್ತ್ರ ಹೇಳುವ ಬಂಧ ಯಾವುದು?

ತೆಗೆದು ನೋಡಿದೆವು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ-ನೀರು ತಡೆಯುವುದು ಇವೇ ಆ ಐದು. ಮೊದಲನೆಯದೇ ಬಂಧ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ, ಜೀವಿಯು ತಾನು ಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧ ಎಂದು ಅದರ ಅರ್ಥವನ್ನು ಬಿಡಿಸಿದ್ದಾರೆ. ಅಂದಮೇಲೆ ಆಯಿಯವರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ಅದೇ ಅಧ್ಯಾಯದಲ್ಲಿ ಹಿಂಸೆ ಎಂದರೇನೆಂಬುದನ್ನೂ ಹೇಳಿದೆ. ಪ್ರಮಾದದಿಂದ ಕೂಡಿದ ಮನ, ವಚನ, ಕಾಯಗಳ ಮೂಲಕ ಪ್ರಾಣಕ್ಕೆ ಹಾನಿಯಾಗುವುದೇ ಹಿಂಸೆ. ಇಲ್ಲಿ ಪ್ರಮಾದ ಎಂಬ ಮಾತು ಮುಖ್ಯ. ನಮ್ಮ ಕಾರಿನಲ್ಲಿ ಅಂದು ಹಗ್ಗವಿರಲಿಲ್ಲ, ನಿಜ. ಆದರೆ ಪ್ರಮಾದ ಇತ್ತು. ಚಂಚಲ ಪ್ರಾಣಿ, ಎಳೆಯ ಹುಡುಗನ ಕೈ, ತೆರೆದ ಗಾಜು, ಮೇಲೆ ನಮ್ಮ ಅವಸರ. ಹಗ್ಗದ ಪಾಪ ತಪ್ಪಿಸಲು ಹೋಗಿ ಐದು ಪ್ರಾಣಗಳನ್ನು ಚರಂಡಿಯ ಅಂಚಿಗೆ ಒಯ್ದಿದ್ದೆವು.

ಇನ್ನೂ ಸೂಕ್ಷ್ಮವಾದ ವಿವೇಚನೆ ಶ್ವೇತಾಂಬರ ಆಚಾರ್ಯರ ವ್ಯಾಖ್ಯಾನಗಳಲ್ಲಿ ಸಿಗುತ್ತದೆ. ಅವರು ಕಟ್ಟುವುದನ್ನು ಸಕಾರಣ ಮತ್ತು ಅಕಾರಣ ಎಂದು ಬೇರ್ಪಡಿಸುತ್ತಾರೆ. ಸಕಾರಣವಾಗಿ ಕಟ್ಟುವುದರಲ್ಲಿಯೂ ಸಾಪೇಕ್ಷ, ನಿರಪೇಕ್ಷ ಎಂದು ಎರಡು ಬಗೆ. ಪ್ರಾಣಿಯ ಕಷ್ಟವನ್ನು ಲೆಕ್ಕಿಸದೆ ಬಿಗಿದು ಕಟ್ಟುವುದು ನಿರಪೇಕ್ಷ. ಪ್ರಾಣಿ ಮೈ ಆಡಿಸಲು ಸಾಧ್ಯವಾಗುವಂತೆ ಸಡಿಲವಾಗಿ, ಕೊಟ್ಟಿಗೆಗೆ ಬೆಂಕಿ ಬಿದ್ದರೆ ತಕ್ಷಣ ಬಿಚ್ಚಲು ಬರುವಂಥ ಗಂಟು ಹಾಕಿ ಕಟ್ಟುವುದು ಸಾಪೇಕ್ಷ. ಗೃಹಸ್ಥನು ಕಟ್ಟಲೇಬೇಕಾಗಿ ಬಂದರೆ ಈ ಎರಡನೆಯ ರೀತಿಯಲ್ಲಿ ಕಟ್ಟಬೇಕು ಎಂಬುದು ಅವರ ಅಭಿಪ್ರಾಯ.

ಕಟ್ಟಿದ ಪ್ರಾಣಿ ತಾನಾಗಿ ಬಿಡಿಸಿಕೊಳ್ಳಲಾರದು ಎಂಬುದನ್ನು ನಮ್ಮ ಭಾಗದವರಿಗೆ ಬೇರೆ ಹೇಳಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಕಂಡವರು ನಾವು. ಆದ್ದರಿಂದ ಕಟ್ಟಬೇಕೆ, ಬಿಡಬೇಕೆ ಎಂಬ ಪ್ರಶ್ನೆಗಿಂತ ಹೇಗೆ ಕಟ್ಟಬೇಕು ಎಂಬ ಪ್ರಶ್ನೆಯೇ ಸರಿಯಾದದ್ದು.

ನಮಗೂ ಒಂದು ಕಟ್ಟು ಇದೆಯಲ್ಲ

ಕಾರಿನಲ್ಲಿ ಕುಳಿತ ಕೂಡಲೆ ನಾವು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತೇವೆ. ಹೆಗಲಿನಿಂದ ಸೊಂಟಕ್ಕೆ ಬರುವ ಈಗಿನ ಈ ಪಟ್ಟಿಯನ್ನು 1959ರಲ್ಲಿ ಸ್ವೀಡನ್ ದೇಶದ ವೋಲ್ವೊ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಅದು ನಮ್ಮನ್ನು ಹಿಡಿದಿಡುತ್ತದೆ, ಆದರೂ ಒಂದು ಗುಂಡಿ ಒತ್ತಿದರೆ ಬಿಟ್ಟುಬಿಡುತ್ತದೆ. ಆಚಾರ್ಯರು ಹೇಳಿದ ಸಡಿಲ ಗಂಟಿನ ಗುಣವೂ ಇದೇ ಅಲ್ಲವೇ? ಮಗನಿಗೆ ಬೆಲ್ಟ್ ಹಾಕಿದ ತಾಯಿಯನ್ನು ಮಗನನ್ನು ಕಟ್ಟಿದಳೆಂದು ಯಾರೂ ದೂರುವುದಿಲ್ಲ.

ವ್ಯಾಪಾರಿಗಳಾದ ನಮಗೆ ಲೆಕ್ಕ ಹೇಳಿದರೆ ಬೇಗ ತಿಳಿಯುತ್ತದೆ. ತಾಸಿಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಏನಕ್ಕಾದರೂ ಬಡಿದು ಒಮ್ಮೆಲೇ ನಿಂತರೆ, ಒಳಗೆ ಬಿಡುಬೀಸಾಗಿ ಕುಳಿತ ಪ್ರಾಣಿ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಆ ಬಡಿತ ಸುಮಾರು 32 ಅಡಿ ಎತ್ತರದಿಂದ ಕೆಳಗೆ ಬಿದ್ದುದಕ್ಕೆ ಸಮ. ವೇಗ 80 ಆದರೆ ಎತ್ತರ 82 ಅಡಿ. ಹದಿನೈದು ಕಿಲೋ ಬೇಳೆಯ ಚೀಲವೊಂದು ಮೂರು ಮಾಳಿಗೆಯ ಮೇಲಿಂದ ಬಿದ್ದರೆ ಕೆಳಗಿದ್ದವರ ಗತಿಯೇನು? ನಾಯಿಯ ಗತಿಯೇನು? ಹುಡುಗನ ಎರಡು ಕೈ ಈ ಭಾರವನ್ನು ತಡೆಯಲಾರವು. ಪೈಲ್ವಾನನ ಕೈಯೂ ತಡೆಯಲಾರದು.

ಹೇಗೆ ಕಟ್ಟಬೇಕು?

ಮೊದಲನೆಯ ಮಾತು, ಕೊರಳಿಗೆ ಕಟ್ಟಬಾರದು. ಬ್ರೇಕ್ ಬಿದ್ದಾಗ ಕೊರಳ ಪಟ್ಟಿ ಉರುಲಾಗುತ್ತದೆ. ಎದೆ ಮತ್ತು ಹೆಗಲನ್ನು ಸುತ್ತುವರಿಯುವ ಅಗಲವಾದ ಎದೆಪಟ್ಟಿ ಬೇಕು. ಅಂಗಡಿಗಳಲ್ಲಿ ಹಾರ್ನೆಸ್ ಎಂದು ಕೇಳಿದರೆ ಕೊಡುತ್ತಾರೆ. ಚರ್ಮದ್ದು ನಮಗೆ ಬೇಡ. ನೈಲಾನ್ ಅಥವಾ ಕ್ಯಾನ್ವಾಸಿನದು, ಒಳಗೆ ಮೆತ್ತನೆಯ ಬಟ್ಟೆ ಹಾಕಿದ್ದು ಸಿಗುತ್ತದೆ. ಪಟ್ಟಿಯ ಕೆಳಗೆ ನಮ್ಮ ಎರಡು ಬೆರಳು ಸರಾಗವಾಗಿ ಹೋಗುವಷ್ಟು ಸಡಿಲವಿರಬೇಕು. ಅದಕ್ಕಿಂತ ಸಡಿಲವಾದರೆ ನಾಯಿ ಹಿಂದಕ್ಕೆ ಜಗ್ಗಿ ಕಳಚಿಕೊಳ್ಳುತ್ತದೆ.

ಎದೆಪಟ್ಟಿಯ ಬೆನ್ನಿನ ಕೊಂಡಿಯನ್ನು ಹಿಂದಿನ ಸೀಟಿನ ಬೆಲ್ಟಿಗೆ ಗಟ್ಟಿಯಾದ ಗಿಡ್ಡ ಪಟ್ಟಿಯಿಂದ ಸೇರಿಸಬೇಕು. ನಾಯಿ ಕೂರಲು, ಮಲಗಲು, ಹೊರಳಲು ಸಾಲುವಷ್ಟು ಉದ್ದ ಬೇಕು. ಮುಂದಿನ ಸೀಟಿಗೆ ಹಾರುವಷ್ಟು ಅಥವಾ ಸೀಟಿನಿಂದ ಕೆಳಗೆ ಬಿದ್ದು ನೇತಾಡುವಷ್ಟು ಉದ್ದ ಇರಬಾರದು. ಅಗ್ಗದ ತೆಳು ಪಟ್ಟಿಗಳು ನಾಯಿ ಹಾರುವುದನ್ನು ತಡೆದಾವು, ಅಪಘಾತದ ಜಗ್ಗಿಗೆ ತಡೆಯಲಾರವು. ಹೊಲಿಗೆ, ಕೊಂಡಿ ನೋಡಿ ಕೊಳ್ಳಿರಿ. ಬಿಚ್ಚುವ ಗುಂಡಿ ಎಲ್ಲಿದೆ ಎಂಬುದು ಕಾರಿನಲ್ಲಿರುವ ಪ್ರತಿಯೊಬ್ಬರಿಗೂ, ಮಕ್ಕಳಿಗೂ, ಗೊತ್ತಿರಬೇಕು. ಬೆಂಕಿಗೆ ಬಿಚ್ಚಲು ಬಾರದ ಗಂಟು ನಮ್ಮದಾಗಬಾರದು.

ಎರಡನೆಯ ಬಗೆ ಪೆಟ್ಟಿಗೆ. ಸಣ್ಣ ನಾಯಿಗೂ, ಎಷ್ಟು ಮಾಡಿದರೂ ಸುಮ್ಮನಾಗದ ನಾಯಿಗೂ ಇದು ಒಳ್ಳೆಯದು. ಎಲ್ಲ ಕಡೆಯಿಂದ ಗಾಳಿಯಾಡುವ ಜಾಳಿಗೆಯ ಪೆಟ್ಟಿಗೆ ಇರಲಿ. ಒಳಗೆ ನಾಯಿ ಎದ್ದು ನಿಲ್ಲಲು, ಸುತ್ತ ತಿರುಗಲು, ಕಾಲು ಚಾಚಿ ಮಲಗಲು ಬರಬೇಕು. ಪೆಟ್ಟಿಗೆಯನ್ನು ಸೀಟಿನ ಬೆನ್ನಿಗೆ ಒತ್ತಿಟ್ಟು ಬಿಗಿಯಾಗಿ ಕಟ್ಟದಿದ್ದರೆ ಅಪಘಾತದಲ್ಲಿ ನಾಯಿಯೊಡನೆ ಪೆಟ್ಟಿಗೆಯೂ ಹಾರುತ್ತದೆ. ಮುಚ್ಚಿದ ಡಿಕ್ಕಿಯಲ್ಲಿ ನಾಯಿಯನ್ನು ಎಂದಿಗೂ ಹಾಕಬಾರದು. ಅಲ್ಲಿ ಗಾಳಿಯಿಲ್ಲ, ನಮ್ಮ ಕಣ್ಣೂ ಇಲ್ಲ.

ಮುಂದಿನ ಸೀಟು ನಾಯಿಯ ಜಾಗವಲ್ಲ. ಅಪಘಾತದಲ್ಲಿ ಉಬ್ಬುವ ಗಾಳಿಚೀಲ ಮನುಷ್ಯರ ಅಳತೆಗೆ ಮಾಡಿದ್ದು. ಅದರ ಹೊಡೆತವೇ ನಾಯಿಗೆ ಮುಳುವಾಗಬಹುದು. ಗಾಡಿ ನಡೆಸುವವರ ತೊಡೆಯ ಮೇಲಂತೂ ಕೂರಿಸಲೇಬಾರದು. ಗಾಜನ್ನು ಗಾಳಿಗೆ ನಾಲ್ಕು ಬೆರಳಷ್ಟು ಮಾತ್ರ ಇಳಿಸಿ. ತಲೆ ಹೊರಹಾಕಿ ನಿಂತ ನಾಯಿಯನ್ನು ನೋಡಲು ಚೆಂದ, ಆದರೆ ಕಣ್ಣಿಗೆ ಧೂಳು, ಕಬ್ಬಿನ ಟ್ರಾಲಿಯಿಂದ ಚಾಚಿದ ಗಳ, ಎದುರಿನ ಲಾರಿ, ಎಲ್ಲವೂ ಅಪಾಯವೇ. ಗಾಜಿನ ಗುಂಡಿಯನ್ನು ನಾಯಿಯ ಪಂಜವೇ ಒತ್ತಿಬಿಡುವುದುಂಟು. ಗಾಜಿಗೂ ಹಿಂದಿನ ಬಾಗಿಲುಗಳಿಗೂ ಇರುವ ಲಾಕನ್ನು ಹೊರಡುವ ಮೊದಲೇ ಹಾಕಿರಿ.

ಇಳಿಯುವಾಗ ಕ್ರಮ ನೆನಪಿರಲಿ. ಮೊದಲು ಹಗ್ಗ ಕೈಗೆ, ಆಮೇಲೆ ಬೆಲ್ಟ್ ಬಿಚ್ಚುವುದು, ಕೊನೆಗೆ ಬಾಗಿಲು. ಕೊರಳಿನಲ್ಲಿ ಮನೆಯ ಫೋನ್ ನಂಬರ್ ಬರೆದ ಬಿಲ್ಲೆ ಇರಲಿ. ತೊಗರಿ ಹೊಲದಲ್ಲಿ ತಾಸುಗಟ್ಟಲೆ ಅಲೆದ ನಮಗೆ ಆ ಬಿಲ್ಲೆಯ ಬೆಲೆ ಗೊತ್ತು.

ಚಂಚಲತೆಗೆ ಮದ್ದು ಅಭ್ಯಾಸ

ಕಟ್ಟಿದ ಮಾತ್ರಕ್ಕೆ ನಾಯಿ ಶಾಂತವಾಗದು. ಒಮ್ಮೆಲೇ ಬಿಗಿದು ಕೂರಿಸಿದರೆ ಅದರ ಭಯ ಇಮ್ಮಡಿಯಾಗುತ್ತದೆ. ನಾವು ಮೊದಲ ಮೂರು ದಿನ ಕಾಳ್ಯಾನಿಗೆ ಎದೆಪಟ್ಟಿಯನ್ನು ಅಂಗಳದಲ್ಲಿಯೇ ತೊಡಿಸಿ, ರೊಟ್ಟಿ ಕೊಟ್ಟು, ಬಿಚ್ಚಿದೆವು. ಆಮೇಲೆ ನಿಂತ ಕಾರಿನಲ್ಲಿ ಐದು ನಿಮಿಷ. ಬಳಿಕ ಇಂಜಿನ್ ಚಾಲೂ ಮಾಡಿ ನಿಂತಲ್ಲೇ ಐದು ನಿಮಿಷ. ನಂತರ ಬಸದಿಯವರೆಗೆ ಹೋಗಿ ತಿರುಗಿ ಬರುವುದು. ಎರಡು ವಾರ ಕಳೆಯುವಷ್ಟರಲ್ಲಿ ಅದು ತಾನೇ ಬಂದು ಕಾರಿನ ಬಾಗಿಲಲ್ಲಿ ನಿಲ್ಲತೊಡಗಿತು. ಬೈದರೆ, ಹೊಡೆದರೆ ಈ ಕೆಲಸ ಆಗುವುದಿಲ್ಲ. ಹೊಡೆತವೂ ಆ ಐದು ಅತಿಚಾರಗಳಲ್ಲಿ ಒಂದು.

ಹೊರಡುವ ಮೊದಲು ಅರ್ಧ ತಾಸು ನಡೆಸಿ ದಣಿಸಿರಿ. ಹೊಟ್ಟೆ ತುಂಬ ಊಟ ಹಾಕಿ ಹೊರಟರೆ ವಾಂತಿ ಮಾಡಿಕೊಳ್ಳುತ್ತದೆ. ಮೂರು ನಾಲ್ಕು ತಾಸು ಮೊದಲೇ ಹಗುರಾಗಿ ಉಣಿಸಿರಿ. ನೀರನ್ನು ಮಾತ್ರ ತಡೆಯಬಾರದು. ನಮಗೆಂದು ಒಯ್ಯುವ ಸೋಸಿದ ನೀರಿನಲ್ಲಿಯೇ ಅದಕ್ಕೂ ಒಂದು ಪಾಲು ಇರಲಿ. ಎರಡು ತಾಸಿಗೊಮ್ಮೆ ನೆರಳಲ್ಲಿ ನಿಲ್ಲಿಸಿ ಅಡ್ಡಾಡಿಸಿರಿ. ಪ್ರಯಾಣದಲ್ಲಿ ಮಕ್ಕಳು ತಿನ್ನುವ ಚಾಕೊಲೇಟು, ದ್ರಾಕ್ಷಿ, ಮನೂಕ ನಾಯಿಗೆ ವಿಷ. ಕೊಡದಂತೆ ಮಕ್ಕಳಿಗೆ ಹೇಳಿರಿ. ಮನುಷ್ಯರ ನಿದ್ದೆ ಗುಳಿಗೆಯನ್ನು ನಾಯಿಗೆ ನುಂಗಿಸುವ ಸಾಹಸ ಬೇಡ. ತೀರ ಅಂಜುವ ನಾಯಿಗೆ ಏನು ಕೊಡಬೇಕೆಂಬುದನ್ನು ಪಶುವೈದ್ಯರೇ ಹೇಳಬೇಕು.

ಬಿಸಿಲಿನ ಎಚ್ಚರ

ಚೈತ್ರ, ವೈಶಾಖದಲ್ಲಿ ನಮ್ಮ ಮರಾಠವಾಡಾದ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ಆದ್ದರಿಂದ ಕಚ್ಚೀತೆಂದು ಬಾಯಿಯನ್ನು ಬಿಗಿದು ಕಟ್ಟಿದರೆ ಅದರ ಉಸಿರನ್ನೇ ಕಟ್ಟಿದಂತೆ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಶಾಖ ಸುಮಾರು 10 ಡಿಗ್ರಿ ಏರುತ್ತದೆ. ಅರ್ಧ ತಾಸಿನಲ್ಲಿ 18 ಡಿಗ್ರಿಯಷ್ಟು. ಗಾಜು ಸ್ವಲ್ಪ ಇಳಿಸಿದರೂ ಹೆಚ್ಚಿನ ವ್ಯತ್ಯಾಸವಾಗದು. ನಾಯಿಯ ಸಹಜ ಮೈಶಾಖ 38ರಿಂದ 39 ಡಿಗ್ರಿ. ಅದು 41 ದಾಟಿದರೆ ಪ್ರಾಣಕ್ಕೆ ಅಪಾಯ. ಕುಂಥಲಗಿರಿಗೆ ದರ್ಶನಕ್ಕೆ ಹೋದಾಗ "ಬೇಗ ಬಂದುಬಿಡೋಣ" ಎಂದು ನಾಯಿಯನ್ನು ಕಾರಿನಲ್ಲಿ ಬಿಟ್ಟು ಬೆಟ್ಟ ಹತ್ತಿದರೆ, ಪುಣ್ಯ ಗಳಿಸುವ ಹೊತ್ತಿನಲ್ಲಿಯೇ ಕೆಳಗೊಂದು ಜೀವ ಬೆಂದು ಹೋದೀತು. ಒಬ್ಬರು ಅದರೊಡನೆ ನೆರಳಲ್ಲಿ ಕುಳಿತಿರಲಿ, ಸರದಿಯ ಮೇಲೆ ದರ್ಶನ ಮಾಡಿಕೊಂಡು ಬನ್ನಿರಿ.

ಸರಕಾರದ ಕಾಯಿದೆಯೂ ಇದನ್ನೇ ಹೇಳುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು 1960ರಲ್ಲಿ ಮಾಡಿದ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಅನಗತ್ಯ ನೋವಾಗುವಂತೆ ಪ್ರಾಣಿಯನ್ನು ವಾಹನದಲ್ಲಿ ಸಾಗಿಸುವುದು, ಮೈ ಅಲುಗಿಸಲು ಬಾರದ ಪೆಟ್ಟಿಗೆಯಲ್ಲಿ ಇಡುವುದು, ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಿಂದ ಹೆಚ್ಚು ಹೊತ್ತು ಕಟ್ಟುವುದು ಅಪರಾಧ. ಕಾಯಿದೆ ಕಟ್ಟುವುದನ್ನು ನಿಷೇಧಿಸಿಲ್ಲ, ಕರುಣೆಯಿಲ್ಲದೆ ಕಟ್ಟುವುದನ್ನು ನಿಷೇಧಿಸಿದೆ. ನಮ್ಮ ಆಚಾರ್ಯರು ಶತಮಾನಗಳ ಹಿಂದೆಯೇ ಎಳೆದ ಗೆರೆಯೂ ಅದೇ.

ಜೀವಂಧರನ ನಾಯಿ

ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಬರೆದ ಜೀವಂಧರ ಚರಿತೆಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಹವಿಸ್ಸನ್ನು ಮುಟ್ಟಿತೆಂದು ಜನರಿಂದ ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರ ಜೀವಂಧರನು ಪಂಚನಮಸ್ಕಾರ ಮಂತ್ರ ಹೇಳಿದ. ಆ ಜೀವ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕೊಲೆಯ ಬಾಯಿಯಿಂದ ಅವನನ್ನೇ ಪಾರುಮಾಡಿತು. ನಾಯಿಯಲ್ಲಿಯೂ ನಮ್ಮಂಥದೇ ಆತ್ಮವಿದೆ ಎಂಬುದು ಆ ಕಥೆಯ ತಿರುಳು. ಸಾಯುವ ನಾಯಿಗೆ ಮಂತ್ರ ಹೇಳುವ ಪ್ರಸಂಗ ಬಂದರೆ ಹೇಳಲೇಬೇಕು. ಆದರೆ ನಮ್ಮ ಅಲಕ್ಷ್ಯದಿಂದ ರಸ್ತೆಯಲ್ಲಿ ಅಂಥ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲ ಕರ್ತವ್ಯ.

ನಮ್ಮ ಮುನಿಗಳು ವಾಹನ ಹತ್ತುವುದಿಲ್ಲ. ನಾಲ್ಕು ಮೊಳ ನೆಲವನ್ನು ನೋಡುತ್ತ ಈರ್ಯಾ ಸಮಿತಿಯಿಂದ ಹೆಜ್ಜೆ ಇಡುತ್ತಾರೆ. ಗೃಹಸ್ಥರಾದ ನಮಗೆ ಅಷ್ಟು ಸಾಧ್ಯವಿಲ್ಲ. ಕಾರು ಬೇಕು, ವೇಗವೂ ಬೇಕು. ಹಾಗಾದರೆ ಆ ಎಚ್ಚರದ ಒಂದು ಅಂಶವಾದರೂ ಕಾರಿನೊಳಗೆ ಬರಲಿ. ಹೊತ್ತು ಮುಳುಗುವ ಭಯವಿದ್ದರೆ ಅರ್ಧ ತಾಸು ಮೊದಲೇ ಹೊರಡೋಣ, ಇಲ್ಲವೇ ಬುತ್ತಿ ಕಟ್ಟಿಕೊಂಡು ಹೋಗಿ ದಾರಿಯಲ್ಲಿಯೇ ಹೊತ್ತಿರುವಾಗ ಉಣ್ಣೋಣ.

ತಿಂಗಳ ಬಳಿಕ ಕಿವಿಯನ್ನು ಮತ್ತೆ ತೋರಿಸಲು ಉದಗೀರಕ್ಕೆ ಹೊರಟೆವು. ಹಣೆಯ ಮೇಲೆ ಕಲೆ ಉಳಿದ ಹುಡುಗನೇ ಕಾಳ್ಯಾನಿಗೆ ಎದೆಪಟ್ಟಿ ತೊಡಿಸಿದ. ಆಯಿ ಹತ್ತಿರ ಬಂದು ಪಟ್ಟಿಯ ಕೆಳಗೆ ತಮ್ಮ ಎರಡು ಬೆರಳು ಹಾಕಿ ನೋಡಿದರು. ಬೆಲ್ಟಿನ ಗುಂಡಿಯನ್ನು ತಾವೇ ಒಮ್ಮೆ ಒತ್ತಿ ಬಿಚ್ಚಿ, ಮತ್ತೆ ಸಿಕ್ಕಿಸಿದರು. "ಇಷ್ಟು ಸಲೀಸು ಬಿಚ್ಚತೈತಿ ಅಂದ್ರ ಕಟ್ಟ್ರಿ. ಹೋಗಿ ಬರ್ರಿ" ಎಂದರು. ನಿಲಂಗಾ ದಾಟುವಾಗ ಹಿಂತಿರುಗಿ ನೋಡಿದರೆ ಕಾಳ್ಯಾ ಹುಡುಗನ ತೊಡೆಗೆ ಮೂತಿ ಆನಿಸಿ ನಿದ್ದೆ ಮಾಡಿತ್ತು.